ಮರಿ ಜೊತೆ ಕೊಡುವ ಇಂಗ್ಲಿಷ್ ಚೀಟಿ ಹೇಗಿರಬೇಕು

ತಮ್ಮಾ, ಮುಧೋಳ ನಾಯಿ ಮರಿ ಒಯ್ಯುವವರಿಗೆ ಕೊಡೋಕೆ ನೀನು ಬರೆದ ಎರಡು ಪುಟದ ಇಂಗ್ಲಿಷ್ ಚೀಟಿ ಪೂರ್ತಿ ಓದಿದೆ. ಬೆಂಗಳೂರು, ಪುಣೆ ಕಡೆಯವರು ಚೀಟಿ ಕೊಟ್ಟರೂ ಫೋನ್ ಮಾಡಿ ಅದನ್ನೇ ಕೇಳ್ತಾರೆ, ಗ್ರಾಮರ್ ತಿದ್ದಿಕೊಡಿ ಅಂದಿದ್ದೀಯ. ಗ್ರಾಮರ್ ತಪ್ಪು ಒಂದೆರಡೇ ಇವೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ. ಓದಿದವರಿಗೆ ತಾನು ಯಾವಾಗ ಏನು ಮಾಡಬೇಕು ಅನ್ನೋದು ಚೀಟಿಯಲ್ಲಿ ಸಿಗುತ್ತಿಲ್ಲ. ಫೋನ್ ಬರೋದು ಅದಕ್ಕೇ.

ಪತ್ರಿಕೆಯವರು, ಸರ್ಕಾರಗಳು, ಕಂಪನಿಗಳು ಸ್ಟೈಲ್ ಗೈಡ್ ಅಂತ ಇಟ್ಟುಕೊಂಡಿರುತ್ತಾರೆ. ಯಾವ ಪದ ಬಳಸಬೇಕು, ವಾಕ್ಯ ಎಷ್ಟು ಉದ್ದ ಇರಬೇಕು, ತಾರೀಖು ಹೇಗೆ ಬರೆಯಬೇಕು ಅಂತ ಮೊದಲೇ ತೀರ್ಮಾನ ಮಾಡಿ ಬರೆದಿಟ್ಟ ನಿಯಮ ಅವು. ಅದಕ್ಕಾಗಿ ದಪ್ಪ ಪುಸ್ತಕ ಕೊಳ್ಳೋದು ಬೇಡ. ಬ್ರಿಟಿಷ್ ಸರ್ಕಾರದ ಗೌ.ಯುಕೆ ತಾಣದ ಸ್ಟೈಲ್ ಗೈಡ್ ಮೊಬೈಲಿನಲ್ಲೇ ಪುಕ್ಕಟೆ ಓದಬಹುದು. 25 ಪದ ದಾಟಿದ ವಾಕ್ಯವನ್ನು ಒಡೆದು ಬರೆಯಿರಿ ಅನ್ನುತ್ತದೆ. ‘ಯುಟಿಲೈಜ್’, ‘ಫೆಸಿಲಿಟೇಟ್’ ತರಹದ ಭಾರದ ಪದಗಳನ್ನು ಬಿಡಿ ಅಂತ ಪಟ್ಟಿಯನ್ನೇ ಕೊಟ್ಟಿದ್ದಾರೆ.

ನನ್ನ ಪ್ರಕಾರ ನಮಗೆ ಜಾಸ್ತಿ ಹೊಂದೋದು ಇನ್ನೊಂದು. ವಿಮಾನ ರಿಪೇರಿ ಮಾಡುವವರ ಕೈಪಿಡಿಗೆ ಅಂತ ಮಾಡಿದ ಎಎಸ್‌ಡಿ-ಎಸ್‌ಟಿಇ100 ಅನ್ನುವ ಸರಳ ಇಂಗ್ಲಿಷಿನ ನಿಯಮಗಳು. ಬೇರೆ ಬೇರೆ ದೇಶದ ಮೆಕ್ಯಾನಿಕ್‌ಗಳು ಆ ಕೈಪಿಡಿ ಓದುತ್ತಾರೆ. ಬಹಳ ಜನಕ್ಕೆ ಇಂಗ್ಲಿಷ್ ಮನೆ ಮಾತಲ್ಲ. ಅದಕ್ಕೆ ಕೆಲಸ ಹೇಳುವ ವಾಕ್ಯ 20 ಪದ ಮೀರಬಾರದು, ಒಂದು ವಾಕ್ಯದಲ್ಲಿ ಒಂದೇ ಕೆಲಸ ಹೇಳಬೇಕು, ಒಂದು ಪದಕ್ಕೆ ಒಂದೇ ಅರ್ಥ ಇರಬೇಕು ಅಂತ ನಿಯಮ. ನಿನ್ನ ಚೀಟಿ ಓದುವವರೂ ಹಂಗೇ ಅಲ್ವಾ? ಅವರಲ್ಲಿ ಮರಾಠಿಯವರು, ತಮಿಳರು ಇರುತ್ತಾರೆ. ಒಂದು ಕೈಯಲ್ಲಿ ಮರಿ, ಇನ್ನೊಂದರಲ್ಲಿ ಚೀಟಿ ಹಿಡಿದು ಓದ್ತಾರೆ.

ಈಗ ನಿನ್ನ ಚೀಟಿಗೆ ಬರ್ತೀನಿ. ಎರಡನೇ ಪುಟದ ಕೊನೆಗೆ ಹೀಗಿದೆ: ‘ಇಟ್ ಮೇ ಬಿ ನೋಟೆಡ್ ದಟ್ ಮುಧೋಳ್ ಹೌಂಡ್ಸ್ ಆರ್ ವೆರಿ ಸೆನ್ಸಿಟಿವ್ ಟು ಅನೆಸ್ತೇಶಿಯಾ ಅಂಡ್ ಹೆನ್ಸ್ ನೆಸೆಸರಿ ಪ್ರಿಕಾಶನ್ಸ್ ಶುಡ್ ಬಿ ಟೇಕನ್ ಬಿಫೋರ್ ಎನಿ ಸರ್ಜರಿ.’

ಮುಧೋಳ ನಾಯಿಗೆ ಅನೆಸ್ತೇಶಿಯಾ, ಅಂದರೆ ಮತ್ತಿನ ಔಷಧಿ, ಬೇಗ ತಾಗುತ್ತದೆ, ಆಪರೇಷನ್‌ಗೆ ಮುಂಚೆ ಎಚ್ಚರಿಕೆ ವಹಿಸಬೇಕು ಅನ್ನೋದು ಇದರ ಅರ್ಥ. ಇದರಲ್ಲಿ 22 ಪದ ಇವೆ. ಗ್ರಾಮರ್ ಸರಿಯಾಗೇ ಇದೆ. ಆದರೆ ಯಾರು ಎಚ್ಚರಿಕೆ ವಹಿಸಬೇಕು? ಏನು ಮಾಡಬೇಕು? ಎರಡೂ ಇಲ್ಲ. ‘ಶುಡ್ ಬಿ ಟೇಕನ್’ ಅಂದಾಗ ಮಾಡುವವನೇ ಮಾಯ. ಒಯ್ದವರು ಇದು ಡಾಕ್ಟರ್ ಕೆಲಸ ಅಂತ ಸುಮ್ನಿರ್ತಾರೆ. ನಮ್ಮ ತಳಿಯನ್ನು ಯಾವತ್ತೂ ನೋಡಿರದ ಡಾಕ್ಟರ್‌ಗೆ ಹೇಳುವವರು ಯಾರು? ಕಣ್ಣಲ್ಲಿ ನೋಡಿ ಅಟ್ಟಿಸಿಕೊಂಡು ಹೋಗುವ, ಮೈಯಲ್ಲಿ ಕೊಬ್ಬು ಕಡಿಮೆ ಇರುವ ಈ ಜಾತಿಯ ಬೇಟೆ ನಾಯಿಗಳಿಗೆ (ಸೈಟ್‌ಹೌಂಡ್) ಥಯೋಪೆಂಟೋನ್ ತರಹದ ಮತ್ತಿನ ಔಷಧಿ ಬೇಗ ಇಳಿಯೋದಿಲ್ಲ. ಜೀವದ ಪ್ರಶ್ನೆ ಇದು. ಹೀಗೆ ಬರಿ: ‘ಬಿಫೋರ್ ಎನಿ ಸರ್ಜರಿ, ಟೆಲ್ ದ ವೆಟ್ ದಟ್ ದಿಸ್ ಡಾಗ್ ಈಸ್ ಎ ಸೈಟ್‌ಹೌಂಡ್. ಆಸ್ಕ್ ವಿಚ್ ಅನೆಸ್ತೆಟಿಕ್ ಈಸ್ ಸೇಫ್ ಫಾರ್ ಸೈಟ್‌ಹೌಂಡ್ಸ್.’ ಮೊದಲ ವಾಕ್ಯ 12 ಪದ, ಎರಡನೇದು 7. ಎರಡೂ ‘ನೀವು ಇದನ್ನು ಮಾಡಿ’ ಅನ್ನುತ್ತವೆ. ಇದನ್ನು ಎರಡನೇ ಪುಟದಿಂದ ತೆಗೆದು ಮೊದಲ ಪುಟದ ಮೇಲ್ಭಾಗಕ್ಕೆ ಹಾಕು. ಅಲ್ಲಿ ಈಗಿರುವ ತಳಿಯ ಇತಿಹಾಸ, ರಾಜರ ಕಥೆ ಎಲ್ಲ ಎರಡನೇ ಪುಟಕ್ಕೆ ಹೋಗಲಿ. ಆ ಕಥೆ ನಮಗೆಲ್ಲ ಹೆಮ್ಮೆಯದು, ಆದರೆ ಮರಿ ಮನೆಗೆ ಬಂದ ಮೊದಲ ರಾತ್ರಿ ಯಾರಿಗೂ ಬೇಕಾಗೋದಿಲ್ಲ.

ಲಸಿಕೆ ಭಾಗದಲ್ಲಿ ‘ಆಸ್ ಪರ್ ಶೆಡ್ಯೂಲ್’ ಅಂತ ನಾಲ್ಕು ಸಲ ಬಂದಿದೆ, ಶೆಡ್ಯೂಲ್ ಮಾತ್ರ ಎಲ್ಲೂ ಇಲ್ಲ. ಮರಿ ಹುಟ್ಟಿದ ದಿನ ನಿನಗೆ ಗೊತ್ತು. ಹಂಗಾದರೆ ತಾರೀಖನ್ನೇ ಲೆಕ್ಕ ಹಾಕಿ ಬರಿ. ಸಾಮಾನ್ಯವಾಗಿ ಮೊದಲ ಲಸಿಕೆ 6ರಿಂದ 8 ವಾರಕ್ಕೆ, ಆಮೇಲೆ 3-4 ವಾರಕ್ಕೊಂದು ಬೂಸ್ಟರ್, ರೇಬೀಸ್ ಲಸಿಕೆ ಮೂರು ತಿಂಗಳಾದಾಗ. ಜಂತಿನ ಔಷಧಿಗೂ ಹಿಂಗೇ ತಾರೀಖು ಹಾಕು. ತಿಂಗಳನ್ನು ಅಂಕಿಯಲ್ಲಿ ಬರೆಯಬೇಡ, ಜೂನ್ ಅಂತ ಅಕ್ಷರದಲ್ಲೇ ಬರಿ. 05/06 ಅಂದರೆ ನಮಗೆ ಜೂನ್ 5, ಅಮೆರಿಕದಲ್ಲಿ ಇದ್ದು ಬಂದವರಿಗೆ ಮೇ 6. ಲಸಿಕೆ ಒಂದು ತಿಂಗಳು ಆಚೀಚೆ ಆದರೆ ಹೇಗೆ?

ಊಟದ ಸಾಲು ‘ಗಿವ್ ನಾರ್ಮಲ್ ಫುಡ್’. ನಮ್ಮ ಮನೆಯಲ್ಲಿ ಅದು ಹಾಲಲ್ಲಿ ನೆನೆಸಿದ ಜೋಳದ ರೊಟ್ಟಿ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಅದು ಪ್ಯಾಕೆಟ್ ಫುಡ್. ಮರಿ ಈಗ ಏನು ತಿನ್ನುತ್ತಿದೆ, ಎಷ್ಟು, ದಿನಕ್ಕೆ ಎಷ್ಟು ಸಲ ಅಂತ ಬರಿ. ಬದಲಾಯಿಸೋದಿದ್ದರೆ ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಬದಲಾಯಿಸಿ ಅಂತ ಸೇರಿಸು.

ಇನ್ನು ಹೆಸರು. ಒಂದೇ ಚೀಟಿಯಲ್ಲಿ ಮುಧೋಳ್ ಹೌಂಡ್, ಕ್ಯಾರವಾನ್ ಹೌಂಡ್, ಕರ್ವಾನಿ ಮೂರೂ ಇವೆ. ಹೊಸಬರು ಮೂರು ತಳಿ ಅಂದುಕೊಳ್ಳುತ್ತಾರೆ. ಮುಧೋಳ್ ಹೌಂಡ್ ಅಂತ ಒಂದನ್ನೇ ಹಿಡಿ. ಕೆನಲ್ ಕ್ಲಬ್ ಆಫ್ ಇಂಡಿಯಾದವರು ಕ್ಯಾರವಾನ್ ಹೌಂಡ್ ಅಂತ ನೋಂದಾಯಿಸ್ತಾರೆ ಅನ್ನೋದನ್ನು ಒಂದು ಕಡೆ ಮಾತ್ರ ಹೇಳು. ‘ಡು ದ ನೀಡ್‌ಫುಲ್’, ‘ವಿತ್ ಡ್ಯೂ ರೆಗಾರ್ಡ್ಸ್’ ಎಲ್ಲ ತೆಗೆದುಬಿಡು. ಅವಿಲ್ಲದೆ ಮರ್ಯಾದೆಗೇನೂ ಕಡಿಮೆ ಆಗೋದಿಲ್ಲ.

ಈ ತೀರ್ಮಾನಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಟ್ಟುಕೋ: ಹೆಸರು ಯಾವುದು, ತಾರೀಖು ಹೇಗೆ, ತೂಕ ಕೆಜಿಯಲ್ಲಿ, ವಾಕ್ಯ 20 ಪದದೊಳಗೆ, ಅಪಾಯದ ಮಾತು ಮೊದಲು. ಇದೇ ನಿನ್ನ ಸ್ಟೈಲ್ ಗೈಡ್. ಮುಂದಿನ ಮರಿಗಳಿಗೆ ನಿನ್ನ ತಂಗಿ ಚೀಟಿ ಬರೆದರೂ ಒಂದೇ ರೀತಿ ಬರುತ್ತದೆ. ಮೊಬೈಲಿನ ಎಐ ಹತ್ತಿರ ಬರೆಸಿದರೂ ಮೊದಲು ಈ ಹಾಳೆ ಕೊಡು, ಇಲ್ಲದಿದ್ದರೆ ಅದು ಮತ್ತೆ ಉದ್ದುದ್ದ ಬರೆಯುತ್ತದೆ.

ತಿದ್ದಿದ ಮೇಲೆ ನಾಯಿ ಸಾಕದ ಒಬ್ಬರಿಗೆ ಓದಲು ಕೊಡು. ‘ಇವತ್ತು ರಾತ್ರಿ ಮರಿಗೆ ಏನು ಕೊಡ್ತೀರಿ? ಮುಂದಿನ ಇಂಜೆಕ್ಷನ್ ಯಾವಾಗ?’ ಅಂತ ಎರಡೇ ಪ್ರಶ್ನೆ ಕೇಳು. ತಡವರಿಸಿದರೆ ಆ ಸಾಲು ಮತ್ತೆ ಬರಿ. ಲಸಿಕೆ ಮತ್ತು ಅನೆಸ್ತೇಶಿಯಾ ಭಾಗವನ್ನು ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ಇಲ್ಲವೇ ನಿಮ್ಮ ಡಾಕ್ಟರ್‌ಗೆ ತೋರಿಸಿಯೇ ಪ್ರಿಂಟ್ ಹಾಕಿಸು. ಆಮೇಲೆ ನಮ್ಮ ನಾಯಿ ಸಾಕುವವರ ಗುಂಪಿಗೂ ಹಾಕು. ಮರಿ ಕೊಡುವ ಉಳಿದವರಿಗೂ ಬೇಕಾಗುತ್ತದೆ.