ವ್ಯಾಮ್ ಚಿಲ್ಲರ್ ಶುರು ಮಾಡಲು, ನಿಲ್ಲಿಸಲು ಪ್ಯಾನೆಲ್ ಬಟನ್ ಒತ್ತಿದರೆ ಸಾಕಾ?

ನೀವು ಯುಟಿಲಿಟಿ ವಿಭಾಗಕ್ಕೆ ಹೊಸದಾಗಿ ಸೇರಿದ್ದೀರಿ. ಸ್ಟೀಮ್‌ನಲ್ಲಿ ಓಡಿ ನೀರನ್ನು ತಣ್ಣಗೆ ಮಾಡುವ ವ್ಯಾಮ್ (ವೇಪರ್ ಅಬ್ಸಾರ್ಪ್ಷನ್ ಮಷೀನ್) ನಿಮ್ಮ ಕೈಗೆ ಬಂದಿದೆ. ಸ್ಟಾರ್ಟ್, ಸ್ಟಾಪ್ ಎರಡೂ ಬಟನ್ ಕೆಲಸ ಎಂದು ಜೊತೆಯವರು ಹೇಳುತ್ತಾರೆ, ಅದು ನಿಜವೇ ಎಂದು ಕೇಳಿದ್ದೀರಿ. ಎಲ್ಲ ಸರಿಯಿರುವ ದಿನ ನಿಜ. ನಾನು ಮುಧೋಳದ ಕಡೆಯವನು, ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿಯಲ್ಲಿ ಹನ್ನೊಂದು ವರ್ಷ ಈ ಮಷೀನ್ ನೋಡಿಕೊಂಡಿದ್ದೇನೆ. ಶುರು ಮಾಡುವುದಕ್ಕಿಂತ ನಿಲ್ಲಿಸುವುದನ್ನು ಚೆನ್ನಾಗಿ ಕಲಿಯಿರಿ. ನಾನು ನೋಡಿದ ದೊಡ್ಡ ತೊಂದರೆಗಳೆಲ್ಲ ನಿಲ್ಲಿಸುವ ಹೊತ್ತಿನಲ್ಲೇ ಆದವು.

ಮೊದಲು ಒಳಗೆ ಏನಾಗುತ್ತದೆ ಅಂತ ತಿಳಿದಿರಲಿ. ಹೊರಗಿನ ಗಾಳಿಯ ಒತ್ತಡ 760 ಮಿಲಿಮೀಟರ್ ಪಾದರಸ. ಮಷೀನ್‌ನಲ್ಲಿ ನೀರು ಆವಿಯಾಗುವ ಭಾಗವೇ ಇವಾಪೊರೇಟರ್, ಅದರ ಒಳಗೆ ಬರೀ 6 ಮಿಲಿಮೀಟರ್ ಆಸುಪಾಸು. ಅಷ್ಟು ವ್ಯಾಕ್ಯೂಮ್‌ನಲ್ಲಿ ನೀರು 4-5 ಡಿಗ್ರಿಗೇ ಕುದಿಯುತ್ತದೆ. ಕುದಿಯಲು ಬೇಕಾದ ಶಾಖವನ್ನು ಟ್ಯೂಬ್‌ನಲ್ಲಿ ಹರಿಯುವ ನೀರಿನಿಂದ ಎಳೆದುಕೊಳ್ಳುತ್ತದೆ. ಹಾಗಾಗಿ 12 ಡಿಗ್ರಿಯಲ್ಲಿ ಬಂದ ನೀರು 7 ಡಿಗ್ರಿಯಾಗಿ ಹೊರಗೆ ಹೋಗುತ್ತದೆ. ಇದೇ ಚಿಲ್ಡ್ ವಾಟರ್. ಎದ್ದ ಆವಿಯನ್ನು ಅಬ್ಸಾರ್ಬರ್ ಎಂಬ ಭಾಗದಲ್ಲಿ ಲಿಥಿಯಂ ಬ್ರೋಮೈಡ್ ಎಂಬ ಉಪ್ಪಿನ ದ್ರಾವಣ ಹೀರಿಕೊಂಡು ತೆಳುವಾಗುತ್ತದೆ. ಅದನ್ನು ಸೊಲ್ಯೂಷನ್ ಪಂಪ್ ಜನರೇಟರ್ ಎಂಬ ಭಾಗಕ್ಕೆ ಕಳಿಸುತ್ತದೆ, ಅಲ್ಲಿ ಸ್ಟೀಮ್ ಅದನ್ನು ಕಾಸಿ ನೀರನ್ನು ಬಿಡಿಸುತ್ತದೆ, ದ್ರಾವಣ ಮತ್ತೆ ಗಟ್ಟಿಯಾಗಿ ಕೆಳಗೆ ಬರುತ್ತದೆ.

ಕಷ್ಟ ಇರುವುದು ಈ ಗಟ್ಟಿ ದ್ರಾವಣದಲ್ಲಿ. ನಮ್ಮ ಕಡೆ ಗಾಣ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಕೊಪ್ಪರಿಗೆಯಲ್ಲಿ ಬಿಸಿ ಇರುವ ತನಕ ಬೆಲ್ಲದ ಪಾಕ ಹರಿಯುತ್ತದೆ. ಇಳಿಸಿ ಆರಲು ಬಿಟ್ಟರೆ ಕಲ್ಲಾಗುತ್ತದೆ, ಅಲ್ವಾ? ಇಲ್ಲೂ ಅಷ್ಟೇ. ದ್ರಾವಣ ಜಾಸ್ತಿ ಗಟ್ಟಿಯಾದರೆ, ಅಥವಾ ಗಟ್ಟಿ ಇರುವಾಗಲೇ ತಣ್ಣಗಾದರೆ, ಗಟ್ಟಿ ದ್ರಾವಣದ ಬಿಸಿಯನ್ನು ತೆಳು ದ್ರಾವಣಕ್ಕೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್‌ನ ಸಣ್ಣ ದಾರಿಗಳಲ್ಲಿ ಹರಳು ಕಟ್ಟುತ್ತದೆ. ಆಮೇಲೆ ಮಷೀನ್ ಓಡುವುದಿಲ್ಲ.

ಶುರು ಮಾಡುವಾಗ ಚಿಲ್ಡ್ ವಾಟರ್ ಪಂಪ್ ಮೊದಲು. ನೀರು ನಿಂತಿರುವಾಗ ಒಳಗೆ ಕೂಲಿಂಗ್ ಆದರೆ ಟ್ಯೂಬ್‌ನಲ್ಲಿ ಮಂಜುಗಡ್ಡೆ ಆಗಿ ಟ್ಯೂಬೇ ಒಡೆಯುತ್ತದೆ. ನೀರು ಹರಿಯದಿದ್ದರೆ ಮಷೀನ್ ನಿಲ್ಲಿಸುವ ಫ್ಲೋ ಸ್ವಿಚ್ ಇರುವುದು ಅದಕ್ಕೇ. ಅದು ಪದೇ ಪದೇ ಟ್ರಿಪ್ ಆಗುತ್ತದೆ ಎಂದು ಯಾರಾದರೂ ವೈರ್ ಹಾಕಿ ಬೈಪಾಸ್ ಮಾಡಿದ್ದರೆ ಇವತ್ತೇ ತೆಗೆಸಿ. ಆಮೇಲೆ ಮಷೀನ್‌ನ ಶಾಖವನ್ನು ಕೂಲಿಂಗ್ ಟವರ್‌ಗೆ ಒಯ್ಯುವ ಕೂಲಿಂಗ್ ವಾಟರ್‌ನ ಪಂಪ್. ಟವರ್ ಫ್ಯಾನ್‌ಗೆ ಅವಸರ ಬೇಡ. ಬಾಗಲಕೋಟೆ, ವಿಜಯಪುರದಲ್ಲಿ ಬೇಸಿಗೆಯ ಬಿಸಿಲಿಗೆ ಎಲ್ಲರೂ ಹೆದರುತ್ತಾರೆ, ಆದರೆ ಈ ಮಷೀನ್‌ಗೆ ಜನವರಿಯ ಬೆಳಗಿನ ಚಳಿಯೂ ಅಪಾಯವೇ. ಸಾಮಾನ್ಯವಾಗಿ 32 ಡಿಗ್ರಿ ನೀರಿಗೆಂದು ಲೆಕ್ಕ ಹಾಕಿರುವ ಮಷೀನ್‌ಗೆ ತೀರಾ ತಣ್ಣನೆಯ ನೀರು ಕೊಟ್ಟರೆ ದ್ರಾವಣವೂ ತಣ್ಣಗಾಗಿ ಹರಳಿನ ಹತ್ತಿರ ಹೋಗುತ್ತದೆ. ನೀರು ಬೆಚ್ಚಗಾಗುವ ತನಕ ಫ್ಯಾನ್ ಬಂದ್ ಇರಲಿ.

ವ್ಯಾಕ್ಯೂಮ್ ನೋಡಿ, ಬೇಕಿದ್ದರೆ ಒಳಗೆ ಸೇರಿದ ಗಾಳಿಯನ್ನು ಹೊರತೆಗೆಯುವ ಪರ್ಜ್ ಪಂಪ್ ಓಡಿಸಿ. ಸೊಲ್ಯೂಷನ್ ಪಂಪ್ ಓಡಲು ಶುರುವಾದ ಮೇಲೆಯೇ ಸ್ಟೀಮ್. ಅದಕ್ಕೂ ಮುಂಚೆ ಲೈನ್‌ನಲ್ಲಿ ನಿಂತ ನೀರನ್ನು ಡ್ರೇನ್‌ನಿಂದ ಪೂರ್ತಿ ಬಿಡಿ. ವಾಲ್ವ್ ನಿಧಾನಕ್ಕೆ ತೆರೆಯಿರಿ. ಒಮ್ಮೆಲೆ ತೆರೆದರೆ ಆ ನೀರು ಪೈಪ್‌ಗೆ ಸುತ್ತಿಗೆಯಂತೆ ಹೊಡೆಯುತ್ತದೆ. ಡಬಲ್ ಎಫೆಕ್ಟ್, ಅಂದರೆ ದ್ರಾವಣವನ್ನು ಎರಡು ಹಂತದಲ್ಲಿ ಕಾಸುವ ಮಷೀನ್‌ಗೆ ಕೊಡುವ 8 ಬಾರ್ ಸ್ಟೀಮ್ 170 ಡಿಗ್ರಿಗಿಂತ ಬಿಸಿ ಇರುತ್ತದೆ. ಕೈಗವಸು ಇಲ್ಲದೆ ಆ ಕಡೆ ಹೋಗಬೇಡಿ.

ನಿಲ್ಲಿಸುವಾಗ ಮೊದಲು ಬಂದ್ ಆಗಬೇಕಾದದ್ದು ಸ್ಟೀಮ್ ಮಾತ್ರ. ಉಳಿದ ಪಂಪ್‌ಗಳೆಲ್ಲ ಓಡುತ್ತಿರಬೇಕು. ಹದಿನೈದು ಇಪ್ಪತ್ತು ನಿಮಿಷ ತೆಳು, ಗಟ್ಟಿ ಎರಡೂ ಬೆರೆತು ದ್ರಾವಣ ಒಂದೇ ಹದಕ್ಕೆ ಬರುತ್ತದೆ. ಇದೇ ಡೈಲ್ಯೂಷನ್. ಅದು ಮುಗಿದ ಮೇಲೆ ಪ್ಯಾನೆಲ್ ತಾನಾಗಿಯೇ ಸೊಲ್ಯೂಷನ್ ಪಂಪ್ ನಿಲ್ಲಿಸುತ್ತದೆ. ಆಮೇಲೆ ಕೂಲಿಂಗ್ ವಾಟರ್, ಎಲ್ಲಕ್ಕೂ ಕೊನೆಗೆ ಚಿಲ್ಡ್ ವಾಟರ್ ಪಂಪ್. ನಿಮಿಷದ ಲೆಕ್ಕ ನಿಮ್ಮ ಮಷೀನ್‌ನ ಮ್ಯಾನುಯಲ್‌ನಲ್ಲಿ ಇದ್ದಂತೆಯೇ ಇರಲಿ. ಶಿಫ್ಟ್ ಮುಗಿಯಿತು, ಬಸ್ ಹೋಗುತ್ತದೆ ಎಂದು ಮೇನ್ ಸ್ವಿಚ್ಚೇ ತೆಗೆದು ಹೋಗುವವರನ್ನು ನೋಡಿದ್ದೇನೆ. ಅವರ ಪಾಲಿನ ಇಪ್ಪತ್ತು ನಿಮಿಷಕ್ಕೆ ಮುಂದಿನ ಶಿಫ್ಟ್‌ನವರು ಇಡೀ ದಿನ ಕೊಡಬೇಕಾಗುತ್ತದೆ. ಎಮರ್ಜೆನ್ಸಿ ಬಟನ್ ಕೂಡ ದಿನಾ ಒತ್ತುವುದಕ್ಕಲ್ಲ.

ಕರೆಂಟ್ ಹೋದರೆ ಮಾತ್ರ ಈ ಡೈಲ್ಯೂಷನ್‌ಗೆ ಅವಕಾಶವೇ ಸಿಗುವುದಿಲ್ಲ. ಒಂದು ಸೀಸನ್‌ನಲ್ಲಿ ರಾತ್ರಿ ಎರಡೂವರೆಗೆ ಕಾರ್ಖಾನೆಗೆ ಕರೆಂಟ್ ಕೊಡುವ ಟರ್ಬೈನ್ ಟ್ರಿಪ್ ಆಗಿ ಇಡೀ ಪ್ಲಾಂಟ್ ಕತ್ತಲಾಯಿತು. ಸ್ಟೀಮ್ ಕಂಟ್ರೋಲ್ ವಾಲ್ವ್ ತಾನಾಗಿಯೇ ಮುಚ್ಚಿಕೊಂಡಿತು. ಆದರೆ ಅದರೊಳಗೆ ಬಿಗಿಯಾಗಿ ಕೂರುವ ಜಾಗ, ಅಂದರೆ ಸೀಟ್, ಸವೆದಿತ್ತು, ಸ್ಟೀಮ್ ಸಣ್ಣಗೆ ಹಾಯುತ್ತಲೇ ಇತ್ತು. ಕೈವಾಲ್ವ್ ಯಾರೂ ಮುಚ್ಚಿರಲಿಲ್ಲ. ನಾನು ಟವರ್ ಹತ್ತಿರ ಇದ್ದೆ, ಟಾರ್ಚ್ ಹಿಡಿದು ಬರುವಷ್ಟರಲ್ಲಿ ಹತ್ತು ನಿಮಿಷ ಕಳೆದಿತ್ತು. ಅರ್ಧ ಗಂಟೆ ಬಿಟ್ಟು ಕರೆಂಟ್ ಬಂತು. ಸೊಲ್ಯೂಷನ್ ಪಂಪ್ ಹಾಕಿದ ಕೂಡಲೇ ಹೆಲ್ಪರ್ ಹುಡುಗ, ‘ಸರ್ರ, ಪಂಪಿನ ದನಿ ಬ್ಯಾರೆ ಆಗೈತ್ರಿ’ ಅಂದ. ಅವನ ಕಿವಿ ಸರಿಯಾಗಿತ್ತು. ಜನರೇಟರ್‌ನಲ್ಲಿ ಮಟ್ಟ ಏರುತ್ತಿತ್ತು, ಅಬ್ಸಾರ್ಬರ್‌ನಲ್ಲಿ ಇಳಿಯುತ್ತಿತ್ತು. ಜನರೇಟರ್ ತುಂಬಿದಾಗ ದ್ರಾವಣ ಸೀದಾ ಅಬ್ಸಾರ್ಬರ್‌ಗೆ ಇಳಿಯಲು ಒಂದು ಓವರ್‌ಫ್ಲೋ ಪೈಪ್ ಇರುತ್ತದೆ. ಅದು ಸುಡುತ್ತಿತ್ತು. ಆ ಪೈಪ್ ಬಿಸಿಯಾದರೆ ಹರಳು ಕಟ್ಟಿದೆ ಎಂದೇ ಲೆಕ್ಕ.

ಹೀಟ್ ಎಕ್ಸ್‌ಚೇಂಜರ್ ಮೇಲೆ ಹೊರಗಿನಿಂದ ಬಿಸಿನೀರು ಬಿಡುತ್ತಾ, ಪಂಪ್ ಹಾಕುತ್ತಾ ನಿಲ್ಲಿಸುತ್ತಾ ಹರಳು ಕರಗಿಸಲು ಮರುದಿನ ಮಧ್ಯಾಹ್ನ ಆಯಿತು. ಅಷ್ಟರಲ್ಲಿ ಈ ತಣ್ಣನೆಯ ನೀರು ಸಿಗದೆ ಫರ್ಮೆಂಟರ್‌ಗಳು (ಹುದುಗು ಬರಿಸುವ ತೊಟ್ಟಿಗಳು) ಬಿಸಿಯಾಗಿ ಈಸ್ಟ್ ಸೋತಿತ್ತು. ಬೇಗ ಆಗಲಿ ಎಂದು ಒಬ್ಬರು ಗ್ಯಾಸ್ ಟಾರ್ಚ್ ತಂದರು. ನಾವು ಬಿಡಲಿಲ್ಲ. ಬೆಂಕಿ ತಾಗಿಸಿದರೆ ಜಾಯಿಂಟ್ ಹಾಳಾಗಿ ವ್ಯಾಕ್ಯೂಮ್ ಲೀಕ್ ಶುರುವಾಗುತ್ತದೆ. ಒಳಗೆ ಹೋದ ಗಾಳಿ ಕೂಲಿಂಗ್ ಕೆಡಿಸುವುದಷ್ಟೇ ಅಲ್ಲ, ಆ ಉಪ್ಪಿನ ಜೊತೆ ಸೇರಿ ಕಬ್ಬಿಣವನ್ನೂ ತಿನ್ನುತ್ತದೆ.

ಆದ್ದರಿಂದ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಸ್ಟೀಮ್‌ನ ಕೈವಾಲ್ವ್ ಎಲ್ಲಿದೆ ಅಂತ ನೋಡಿಕೊಳ್ಳಿ. ಕತ್ತಲಲ್ಲಿ ಮುಟ್ಟಿ ಗುರುತಿಸುವಷ್ಟು ಅಭ್ಯಾಸ ಆಗಲಿ. ಕರೆಂಟ್ ಹೋದ ಕ್ಷಣ ಮೊದಲು ಅದನ್ನೇ ಮುಚ್ಚಿ, ಫೋನ್ ಆಮೇಲೆ. ಕರೆಂಟ್ ಬಂದ ಮೇಲೆ ಸೀದಾ ಸ್ಟೀಮ್ ಕೊಡಬೇಡಿ, ಮೊದಲು ಡೈಲ್ಯೂಷನ್ ಓಡಿಸಿ.

ಇನ್ನು ಕಬ್ಬಿನ ಸೀಸನ್ ಮುಗಿದು ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಡೈಲ್ಯೂಷನ್ ಚೆನ್ನಾಗಿ ಮಾಡಿ, ಕೂಲಿಂಗ್ ಕಡೆಯ ನೀರು ಖಾಲಿ ಮಾಡಿ. ನಮ್ಮ ಬೋರ್‌ವೆಲ್ ನೀರು ಗಡಸು, ಟ್ಯೂಬ್‌ಗೆ ಬ್ರಷ್ ಹಾಕಿಸಲು ಅದೇ ಒಳ್ಳೆಯ ಸಮಯ. ಗಾಳಿ ಒಳಗೆ ಬರಬಾರದೆಂದು ಮಷೀನ್‌ಗೆ ನೈಟ್ರೋಜನ್ ತುಂಬಿಸುವುದುಂಟು. ಆಗ ರೂಮಿನ ಬಾಗಿಲು, ಕಿಟಕಿ ಪೂರ್ತಿ ತೆರೆದಿರಲಿ, ಒಬ್ಬರೇ ಇರಬೇಡಿ. ನೈಟ್ರೋಜನ್‌ಗೆ ವಾಸನೆ ಇಲ್ಲ. ಉಸಿರಿಗೆ ಗಾಳಿ ಸಾಲುತ್ತಿಲ್ಲ ಎನ್ನುವುದು ತಿಳಿಯುವ ಮೊದಲೇ ಮನುಷ್ಯ ಬೀಳುತ್ತಾನೆ.