ನಳಿಗೆಯ ಬಾಯಿಂದ ತುಂಬುವ ಚರೆ ಕೋವಿಯಲ್ಲಿ ಕಾಡು ಟರ್ಕಿಯನ್ನು ಎಷ್ಟು ದೂರದಿಂದ ಹೊಡೆಯಬಹುದು?

ಸುಮಾರು 20–25 ಮೀಟರ್. ಅಮೆರಿಕದ ವಸಂತಕಾಲದ ಬೇಟೆಯಲ್ಲಿ ಹೆಣ್ಣಿನ ಕೂಗು ಅನುಕರಿಸಿ ಗಂಡು ಟರ್ಕಿಯನ್ನು ಹತ್ತಿರ ಕರೆಯುತ್ತಾರೆ. ಹಾಗಾಗಿ ಈ ದೂರ ಸಾಕು.

ಹಳೆಯ ಮಾದರಿಯ ಎಷ್ಟೋ ಕೋವಿಗಳಲ್ಲಿ ನಳಿಗೆಯ ತುದಿ ಕಿರಿದಾಗಿರುವುದಿಲ್ಲ. ಹಾಗಾಗಿ ಚರೆ (ಒಟ್ಟಿಗೆ ಹಾರುವ ಸಣ್ಣ ಗುಂಡುಗಳು) ಬೇಗ ಚದುರುತ್ತದೆ. ಗುರಿ ಇಡಬೇಕಾದ್ದು ತಲೆ, ಕತ್ತಿಗೆ ಮಾತ್ರ. ಮೈಗೆ ಬಿದ್ದರೆ ಹಕ್ಕಿ ಗಾಯಗೊಂಡು ತಪ್ಪಿಸಿಕೊಂಡು ಎಲ್ಲೋ ನರಳಿ ಸಾಯುತ್ತದೆ. ಅದು ಆಗಲೇಬಾರದು. ಮೊದಲು ಕಾಗದದ ಮೇಲೆ ಟರ್ಕಿಯ ತಲೆ ಬರೆದು ಬೇರೆ ಬೇರೆ ದೂರದಿಂದ ಹೊಡೆದು ನೋಡಿ. ಎಲ್ಲಿವರೆಗೆ ತಲೆ, ಕತ್ತಿಗೆ ಚರೆ ದಟ್ಟವಾಗಿ ಬೀಳುತ್ತದೋ ಅದೇ ನಿಮ್ಮ ಮಿತಿ.

ಮದ್ದು ಜಾಸ್ತಿ ಹಾಕಿದರೆ ದೂರ ಹೊಡೆಯಬಹುದು ಅನ್ನುವುದು ತಪ್ಪು. ಚರೆ ಇನ್ನೂ ಚದುರುತ್ತದೆ. ತಯಾರಕರು ಹೇಳಿದ ಮಿತಿಯೊಳಗೆ, ಮದ್ದು ಮತ್ತು ಚರೆಯನ್ನು ಒಂದೇ ಅಳತೆಪಾತ್ರೆಯಲ್ಲಿ ಸಮವಾಗಿ ಅಳೆದು (ತೂಕದಲ್ಲಿ ಸಮ ಅಲ್ಲ) ಹಾಕಿ ಶುರು ಮಾಡಿ. ಮದ್ದು, ಅದರ ಮೇಲೆ ದಪ್ಪ ಬಿಲ್ಲೆ, ಆಮೇಲೆ ಚರೆ, ಮೇಲೊಂದು ತೆಳು ರಟ್ಟು. ಗಜದಿಂದ (ನಳಿಗೆಯೊಳಗೆ ತಳ್ಳುವ ಉದ್ದ ಕೋಲು) ಒತ್ತಿ ಕೂರಿಸಿ. ಕೇಪು (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಲೋಹದ ಟೋಪಿ) ಹಾಕುವುದು ಕೊನೆಗೆ, ನಮ್ಮ ಮಲೆನಾಡಿನ ಕೇಪಿನ ಕೋವಿಯ ಹಾಗೇ.

ಈಗಿನ ತೋಟಾಗಳ ಹೊಗೆಯಿಲ್ಲದ ಮದ್ದನ್ನು ಮಾತ್ರ ಇದಕ್ಕೆ ಹಾಕಬೇಡಿ. ನಳಿಗೆಯೇ ಸಿಡಿಯಬಹುದು.