ತಬರ ಕಟುಕನ ಹತ್ತಿರ ಹೋಗುವುದರ ಅರ್ಥ ಏನು?

ನೀವು ಕೇಳಿರುವುದು ಪೂರ್ಣಚಂದ್ರ ತೇಜಸ್ವಿಯವರ ‘ತಬರನ ಕಥೆ’ ಬಗ್ಗೆ. ಹೆಂಡತಿಯ ಕೊಳೆತ ಕಾಲು ಕಡಿದುಕೊಡು ಎಂದು ತಬರ ಕಟುಕನನ್ನು ಕೇಳುತ್ತಾನಲ್ಲ, ಆ ಕಟುಕ ಯಾವುದರ ಸಂಕೇತ? ‘ಕ್ರೂರ ಸರ್ಕಾರದ ಸಂಕೇತ’ ಅಂತ ಗೈಡ್‌ನಲ್ಲಿದೆ ಅಂದಿರಿ. ನನಗಂತೂ ಒಪ್ಪಿಗೆಯಿಲ್ಲ.

ಮೊದಲು ನಡೆದದ್ದನ್ನು ಇದ್ದ ಹಾಗೇ ಓದಿ. ತಬರನ ಹೆಂಡತಿ ಅಪ್ಪಿಗೆ ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ಕೊಳೆಯುತ್ತಿದೆ. ಚಿಕಿತ್ಸೆಗೆ ದುಡ್ಡು ಬೇಕು, ದುಡ್ಡು ತಬರನ ಪೆನ್ಶನ್ ಫೈಲಿನಲ್ಲಿ ಸಿಕ್ಕಿಕೊಂಡಿದೆ. ತಬರನ ಲೆಕ್ಕ ಸರಳ: ಕಾಲು ಕಡಿಯಬೇಕು, ಕಡಿಯೋದು ಗೊತ್ತಿರುವವನು ಕಟುಕ. ಹುಚ್ಚು ಅನ್ನಿಸುತ್ತೆ ಅಲ್ವಾ? ಆದರೆ ಒಂದೊಂದು ಹೆಜ್ಜೆಯೂ ಸರಿಯಾಗೇ ಇದೆ, ಒಟ್ಟು ಮಾತ್ರ ಭಯಂಕರ. ಪೆನ್ಶನ್‌ಗಾಗಿ ಅವನು ಅಲೆಯುವ ಕಚೇರಿಯದೂ ಇದೇ ಕಥೆ ತಾನೇ? ಒಬ್ಬೊಬ್ಬರೂ ರೂಲ್ಸ್ ಪ್ರಕಾರವೇ ಮಾತಾಡುತ್ತಾರೆ, ಅಷ್ಟರಲ್ಲಿ ಒಂದು ಜೀವ ಹೋಗುತ್ತೆ. ನಮ್ಮ ಚಿಕ್ಕಮಗಳೂರು ಕಡೆ ತಾಲ್ಲೂಕು ಕಚೇರಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಕಟುಕ ಖಳ ಅಲ್ಲ. ತಬರ ಯಾರ ಯಾರ ಬಾಗಿಲು ತಟ್ಟಿ, ಕೊನೆಗೆ ಇವನ ಹತ್ತಿರ ಬಂದ ಅನ್ನುವುದನ್ನು ನೋಡಿ. ಸರ್ಕಾರವನ್ನು ದೇವರ ಹಾಗೆ ನಂಬಿದ್ದ, ಬ್ರಿಟಿಷರ ಕಾಲದಿಂದ ದುಡಿದ ನೌಕರ ತಬರ. ಆ ನಂಬಿಕೆ ಮುರಿಯಿತು ಅಂತ ಲೇಖಕರು ಭಾಷಣ ಮಾಡಬೇಕಾಗಿಲ್ಲ. ಕಾಲಿನ ವಿಷಯಕ್ಕೆ ಅವನು ಆಸ್ಪತ್ರೆ ಬಿಟ್ಟು ಕಟುಕನ ಹತ್ತಿರ ಹೋದ ಅನ್ನುವುದೇ ಸಾಕು.

ಗಿರೀಶ್ ಕಾಸರವಳ್ಳಿ 1986ರಲ್ಲಿ ಇದೇ ಕಥೆಯ ಮೇಲೆ ಮಾಡಿದ ಸಿನಿಮಾ ಸಿಕ್ಕರೆ ತಬರನಾಗಿ ಚಾರುಹಾಸನ್ ಅಭಿನಯ ನೋಡಿ. ಪರೀಕ್ಷೆಯಲ್ಲಿ ಸುಮ್ನೆ ‘ಸಂಕೇತ’ ಅಂತ ಬರೆದು ಬಿಡಬೇಡಿ, ಕಥೆಯೊಳಗಿನ ಯಾವ ಘಟನೆಯಿಂದ ಹಾಗನ್ನಿಸಿತು ಅಂತ ಒಂದು ಸಾಲು ಸೇರಿಸಿ.